ಸರ್ಕಾರ ಬೆಟ್ಟ ಹತ್ತಿತು. ಬೆಟ್ಟದವರು ವಿಧಾನಸೌಧ ಹತ್ತೋದು ಯಾವಾಗ?

2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟದ ಸಭೆ ನಮ್ಮ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೀತು. ನಮ್ಮೂರಿನ ಹೆಸರು ಇಡೀ ದಿನ ಟಿವಿಯಲ್ಲಿ ಬಂದಾಗ ಹಾಸ್ಟೆಲ್‌ನಲ್ಲಿದ್ದ ನಮಗೆ ಒಳ್ಳೇ ಖುಷಿ. ನಾವು ಅಂದ್ರೆ ಈ ಬಳಗದಲ್ಲಿರೋ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಾಲ್ಕೈದು ಜನ. ಖುಷಿ ಇಳಿದ ಮೇಲೆ ನಮ್ಮಲ್ಲೇ ಒಬ್ಬ ಕೇಳಿದ: "ಸರ್ಕಾರ ಬೆಟ್ಟ ಹತ್ತಿತು ಸರಿ ಕಣ್ರೋ, ಆ ಸಂಪುಟದಲ್ಲಿ ಬೆಟ್ಟದವರು ಯಾರಿದ್ರು?"

ಯಾರೂ ಇರಲಿಲ್ಲ. ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರಲ್ಲಿ ಒಬ್ಬರೂ ಆ ಮೇಜಿನ ಸುತ್ತ ಕೂತಿರಲಿಲ್ಲ. "ಅದ್ಕೇನೀಗ, ಅವರ ಜನಸಂಖ್ಯೆನೇ ಕಮ್ಮಿ ಅಲ್ವಾ?" ಅಂತ ನಮ್ಮಲ್ಲೇ ಇನ್ನೊಬ್ಬರು ಅಂದ್ರು. ಆ ಮಾತಿಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಶಾಂತಾರಾಮ ಸಿದ್ದಿಯವರ ಹೆಸರು.

ಅವರ ಫೋಟೊ ತೋರಿಸಿದರೆ ನಮ್ಮ ಕ್ಲಾಸಿನಲ್ಲಿ ಅರ್ಧ ಜನ "ಯಾವ ದೇಶದವರು?" ಅಂತ ಕೇಳ್ತಾರೆ. ಮೊದಲ ಸಲ ನಾವೂ ಹಾಗೇ ಕೇಳಿದ್ವಿ, ನಾಚಿಕೆ ಆಗುತ್ತೆ. ಅವರು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನವರು. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಗುಲಾಮರನ್ನಾಗಿ ಹಡಗಿನಲ್ಲಿ ತಂದವರಲ್ಲಿ ಎಷ್ಟೋ ಜನ ಗೋವಾ ಕಡೆಯಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ನೂರಾರು ವರ್ಷ ಇಲ್ಲೇ ಬಾಳಿದ ಮೇಲೂ "ಯಾವ ದೇಶ?" ಅನ್ನೋ ಪ್ರಶ್ನೆ ಮಾತ್ರ ಬಿಟ್ಟಿಲ್ಲ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಓಟಕ್ಕೆ ಆರಿಸಿಕೊಂಡಿತು, ಕೆಲವೇ ವರ್ಷದಲ್ಲಿ ಆ ಯೋಜನೆ ನಿಂತುಹೋಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

ಶಾಂತಾರಾಮ ಸಿದ್ದಿ ಆ ಸಮುದಾಯದ ಮೊದಲ ತಲೆಮಾರಿನ ಪದವೀಧರರು. ನೌಕರಿ ಹಿಡಿದು ಊರು ಬಿಡದೆ ದಶಕಗಳ ಕಾಲ ವನವಾಸಿ ಕಲ್ಯಾಣ ಸಂಸ್ಥೆಯಲ್ಲಿ ಕಾಡಿನ ಮಕ್ಕಳ ಶಿಕ್ಷಣ, ಹಾಸ್ಟೆಲ್ ಅಂತ ಓಡಾಡಿದರು. 2020ರ ಜುಲೈನಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ರಾಜ್ಯದ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ ಅವರೇ. ಅದೇ ಪಟ್ಟಿಯಲ್ಲಿ ಚುನಾವಣೆ ಸೋತಿದ್ದ ಪರಿಚಿತ ರಾಜಕಾರಣಿಗಳೂ ಇದ್ದರು ಅನ್ನೋದನ್ನ ನೆನಪಿಡಿ, ಮುಂದೆ ಬೇಕಾಗುತ್ತೆ.

ಆಫ್ರಿಕಾ ಮಾತು ಬಂದಿದ್ದಕ್ಕೆ ಅಲ್ಲಿಂದಲೇ ಒಂದು ಉದಾಹರಣೆ. ಕೀನ್ಯಾದ ಈಶಾನ್ಯ ಗಡಿಯಲ್ಲಿ ಸೊಮಾಲಿ ಜನಾಂಗದವರಿದ್ದಾರೆ. ಆ ದೇಶದ ಪ್ರಜೆಗಳೇ ಆದ್ರೂ ದಶಕಗಳ ಕಾಲ ಅನುಮಾನದ ಕಣ್ಣಿನಲ್ಲೇ ಬದುಕಿದವರು. 1984ರಲ್ಲಿ ವಾಜಿರ್ ಹತ್ತಿರದ ವಾಗಲ್ಲಾದಲ್ಲಿ ಭದ್ರತಾ ಪಡೆಗಳ ಕೈಯಲ್ಲಿ ನೂರಾರು ಜನ ಸತ್ತರು. ಅದೇ ಜನಾಂಗದ ಆಡೆನ್ ದುವಾಲೆ ಗರಿಸ್ಸಾದಿಂದ ಸಂಸತ್ತಿಗೆ ಗೆದ್ದು, 2013ರಿಂದ 2020ರವರೆಗೆ ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದರು. 2022ರಲ್ಲಿ ರಕ್ಷಣಾ ಸಚಿವರಾದರು. ಒಂದು ಕಾಲದಲ್ಲಿ ಯಾವ ಸೈನ್ಯಕ್ಕೆ ಆ ಜನ ಹೆದರ್ತಿದ್ರೋ ಅದೇ ಖಾತೆ!

ಇದರಿಂದ ಎಲ್ಲಾ ಸರಿಹೋಯ್ತು ಅಂತೇನಿಲ್ಲ. ಗಡಿ ಭಾಗದವರಿಗೆ ಗುರುತಿನ ಚೀಟಿ ಕೊಡೋ ಮುಂಚೆ ನಡೀತಿದ್ದ ವಿಶೇಷ ತಪಾಸಣೆಯನ್ನ ಕೈಬಿಟ್ಟಿದ್ದು 2025ರಲ್ಲಿ. ದೊಡ್ಡ ಸ್ಥಾನದಲ್ಲಿ ನಮ್ಮೋರು ಕೂತ ಮೇಲೂ ಇಷ್ಟು ಕಾಲ ಹಿಡೀತು. ಯಾರೂ ಕೂರದೇ ಇದ್ದರೆ ಎಷ್ಟು ಕಾಲ ಹಿಡೀಬಹುದು ಅಂತ ಯೋಚನೆ ಮಾಡಿ.

ಅನುಮಾನದ ಕಣ್ಣು ನಮ್ಮ ಬೆಟ್ಟಗಳಿಗೂ ಹೊಸದಲ್ಲ. ವೀರಪ್ಪನ್ ಕಾಲದಲ್ಲಿ ಕಾರ್ಯಪಡೆಯ ಹಿಂಸೆ ಅನುಭವಿಸಿದವರಲ್ಲಿ ಸೋಲಿಗರೂ ಇದ್ದರು. 2007ರಲ್ಲಿ ಮಾನವ ಹಕ್ಕುಗಳ ಆಯೋಗ ಎರಡೂ ರಾಜ್ಯಗಳ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಇತ್ತ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ತಂದು ಮಾರೋದಕ್ಕೂ ನಿಷೇಧ ಬಂತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಆಯ್ತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಅದೇ 2011ರಲ್ಲಿ ಸೋಲಿಗರು ಅರಣ್ಯ ಹಕ್ಕು ಕಾಯ್ದೆ ಹಿಡಿದು, ಗ್ರಾಮಸಭೆಗಳ ಮೂಲಕ ಸಮುದಾಯ ಅರಣ್ಯ ಹಕ್ಕು ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಎಂಎಲ್‌ಎ ಇಲ್ಲದೇನೇ ಗೆದ್ರಲ್ಲ, ಮತ್ತೆ ಸೀಟು ಯಾಕೆ? ಹಕ್ಕುಪತ್ರ ಪೋಡಿಗೆ ಬಂದ ಮೇಲೂ ನಿಯಮ ಬರೆಯೋದು ಬೆಂಗಳೂರಲ್ಲೇ, ಅದಕ್ಕೆ. ಮಲೆ ಮಹದೇಶ್ವರ ವನ್ಯಧಾಮವನ್ನೂ ಹುಲಿ ಸಂರಕ್ಷಿತ ಪ್ರದೇಶ ಮಾಡೋ ಪ್ರಸ್ತಾವ ವರ್ಷಗಳಿಂದ ಇದೆ. ಹುಲಿ ಉಳೀಬೇಕು, ನಮಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತೀರ್ಮಾನ ಆಗೋ ದಿನ, ಕಾಡೊಳಗೆ ಹುಟ್ಟಿದ ಒಬ್ಬರಾದ್ರೂ ಎದ್ದು ನಿಂತು ಪ್ರಶ್ನೆ ಕೇಳೋ ಹಾಗಿರಬೇಕು.

ಈಗ ಲೆಕ್ಕಕ್ಕೆ ಬರೋಣ, ಎಷ್ಟಾದ್ರೂ ಇಂಜಿನಿಯರಿಂಗ್ ಓದ್ತಿರೋರು. 2004ರಲ್ಲಿ ನಮ್ಮ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ನಮ್ಮ ಕಡೆ ಮಕ್ಕಳಿಗೂ ಗೊತ್ತಿರೋ ಕಥೆ. ಒಂದು ವೋಟಿಗೆ ಅಷ್ಟು ಬೆಲೆ ಇರೋ ಊರಲ್ಲಿ, 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ 33 ಸಾವಿರಕ್ಕೂ ಹೆಚ್ಚಿರೋ ಸೋಲಿಗರಿಗೆ ಬೆಲೆ ಯಾಕಿಲ್ಲ? ಅವರು ಒಂದೇ ಕಡೆ ಇಲ್ಲ, ಹಲವು ಕ್ಷೇತ್ರಗಳ ಪೋಡುಗಳಲ್ಲಿ ಚದುರಿದ್ದಾರೆ. ಕೀನ್ಯಾದ ಸೊಮಾಲಿಗಳು ಗರಿಸ್ಸಾ, ವಾಜಿರ್, ಮಂಡೇರಾದಲ್ಲಿ ಬಹುಸಂಖ್ಯಾತರು. ಹಾಗಾಗಿ ಅವರು ಗೆದ್ದೇ ಬರ್ತಾರೆ. ಸೋಲಿಗರು, ಸಿದ್ದಿಗಳು ಯಾವ ಕ್ಷೇತ್ರದಲ್ಲೂ ಬಹುಸಂಖ್ಯಾತರಲ್ಲ. ಮೀಸಲಾತಿನೂ ಇಲ್ಲಿ ಕೈಹಿಡಿಯಲ್ಲ: ಹನೂರು ಸಾಮಾನ್ಯ ಕ್ಷೇತ್ರ, ಕೊಳ್ಳೇಗಾಲ ಪರಿಶಿಷ್ಟ ಜಾತಿಗೆ ಮೀಸಲು, ಜಿಲ್ಲೆಯ ನಾಲ್ಕರಲ್ಲಿ ಪರಿಶಿಷ್ಟ ಪಂಗಡಕ್ಕೆ ಒಂದೂ ಇಲ್ಲ. ರಾಜ್ಯದಲ್ಲಿ ಆ ಪಂಗಡಕ್ಕಿರೋ ಕ್ಷೇತ್ರ 15. ಪಂಗಡದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲು ಒಂದೇ ದೊಡ್ಡ ಸಮುದಾಯದ್ದು. ಸಣ್ಣ ಬುಡಕಟ್ಟುಗಳಿಗೆ ಟಿಕೆಟ್ ಸಿಗೋದೇ ಕಷ್ಟ.

ಹಾಗಾಗಿ ಉಳಿಯೋ ಬಾಗಿಲು ಪರಿಷತ್ತು. ಅದರ 75 ಸ್ಥಾನಗಳಲ್ಲಿ 11 ನಾಮಕರಣದ್ದು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆಯಲ್ಲಿ ಅನುಭವ ಇರೋರಿಗೆ ಅಂತ ಸಂವಿಧಾನದ 171ನೇ ವಿಧಿ ಹೇಳುತ್ತೆ. ಚುನಾವಣೆ ಸೋತವರಿಗೆ ಅಂತ ಎಲ್ಲೂ ಹೇಳಿಲ್ಲ. ನಮ್ಮ ಅಭಿಪ್ರಾಯ ಸರಳ: ಈ 11ರಲ್ಲಿ ಒಂದು ಸ್ಥಾನ ಯಾವಾಗಲೂ ಸಣ್ಣ ಆದಿವಾಸಿ ಸಮುದಾಯಗಳಿಗೆ ಸರದಿಯಂತೆ ಹೋಗಲಿ. ಸಿದ್ದಿ ಆಯ್ತು, ಮುಂದೆ ಸೋಲಿಗ, ಜೇನುಕುರುಬ, ಕೊರಗ.

"ನಾಮಕರಣ ಆದೋರು ಮಾಡಿದ ಪಕ್ಷದ ಮಾತೇ ಕೇಳ್ತಾರೆ" ಅಂತೀರಾ? ನಿಜ. ಶಾಂತಾರಾಮ ಸಿದ್ದಿ ಬಗ್ಗೆನೂ ಆ ಟೀಕೆ ಮಾಡಬಹುದು, ಅವರ ಸಂಸ್ಥೆಯ ವಿಚಾರ ಎಲ್ಲರಿಗೂ ಒಪ್ಪಿಗೆ ಆಗಬೇಕಂತಿಲ್ಲ. ಆದ್ರೆ ಗೆದ್ದು ಬಂದ ಶಾಸಕರೂ ಪಕ್ಷದ ವಿಪ್ ದಾಟಲ್ಲ ಅಲ್ವಾ? ಅದಕ್ಕೇ ಕೃಪೆಯ ಬದಲು ಸರದಿ ಅಂತ ನಾವು ಕೇಳ್ತಿರೋದು. ಸರದಿ ಇದ್ದರೆ ಯಾರ ಋಣವೂ ಇರಲ್ಲ. ಹೆಸರನ್ನ ಗ್ರಾಮಸಭೆಗಳೇ ಸೂಚಿಸಲಿ. 2011ರಲ್ಲಿ ಹಕ್ಕು ಗೆದ್ದ ಸಭೆಗಳಿಗೆ ಒಬ್ಬರನ್ನ ಆರಿಸೋದು ಕಷ್ಟವೇ?

ಕೊನೆಗೆ ನಮ್ಮ ವಿಷಯ. ಡಿಗ್ರಿ ಮುಗಿಸಿ ಮೂರು ವರ್ಷ ಆದ್ರೆ ನೀವು, ನಾವು ಎಲ್ಲರೂ ಪದವೀಧರ ಕ್ಷೇತ್ರದ ಮತದಾರರಾಗಬಹುದು. ಅಂದ್ರೆ ಇದೇ ಪರಿಷತ್ತಿನಲ್ಲಿ ಓದಿದವರಿಗಂತಾನೇ ಏಳು ಸೀಟು ಇದೆ, ನಮಗೊಂದು ಎಕ್ಸ್‌ಟ್ರಾ ವೋಟು ಇದೆ. ಅದನ್ನ ಯಾರೂ ಕೃಪೆ ಅನ್ನಲ್ಲ. ಮುಂದೊಂದು ದಿನ ಅಭ್ಯರ್ಥಿಗಳು ಆ ವೋಟು ಕೇಳ್ಕೊಂಡು ಬಂದಾಗ, ಕೆಲಸ, ಸಂಬಳದ ಪ್ರಶ್ನೆ ಜೊತೆಗೆ ಇದನ್ನೂ ಕೇಳೋಣ: "ಸರ್, ನಮಗೆ ಏಳು ಕೊಟ್ಟಿದ್ದೀರಿ. ಪೋಡಿನವರಿಗೆ ಒಂದು ಯಾವಾಗ?"