ಹಾಲೂಡುವ ತಾಯಿಯ ಪರವಾಗಿ: ರಾಯಚೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ,

ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಹಾಲೂಡುವ ತಾಯಂದಿರ ಪರವಾಗಿ ತಮ್ಮಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳಲು ಈ ಪತ್ರವನ್ನು ಬರೆಯುತ್ತಿದ್ದೇನೆ. ಅವರಲ್ಲಿ ಬಹುಮಂದಿ ಅರ್ಜಿ ಬರೆಯತಕ್ಕವರಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಹೊತ್ತು ಮೂಡುವ ಮೊದಲೇ ಕೂಲಿಗೆ ಹೊರಡುವವರು.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಹರಿದು ಸಿಂಧನೂರಿನ ಸುತ್ತಿನ ಗದ್ದೆಗಳಲ್ಲಿ ನಾಟಿ ಮೊದಲಾಯಿತೆಂದರೆ, ಸುತ್ತಣ ಒಣಭೂಮಿಯ ಊರುಗಳಿಂದ ಟಂಟಂಗಳಲ್ಲಿ ಕಿಕ್ಕಿರಿದು ಬರುವ ಹೆಣ್ಣಾಳುಗಳನ್ನು ತಾವೂ ಕಂಡಿರಬಹುದು. ಬದುವಿನ ಜಾಲಿಗಿಡಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ ಕೆಸರಿಗಿಳಿದ ತಾಯಿ, ಅಳುವಿನ ದನಿ ಕಿವಿಗೆ ಬಿದ್ದೊಡನೆ ಕಾಲುವೆಯ ನೀರಿನಲ್ಲಿ ಕೈ ತೊಳೆದು, ಮೊಣಕಾಲಿನವರೆಗಿನ ಕೆಸರು ಹಾಗೆಯೇ ಇರುವಾಗಲೇ, ಬದುವಿನ ಮೇಲೆ ಕುಳಿತು ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಸಾಲಿನಲ್ಲಿದ್ದ ಮುದುಕಿ "ಕೂಸಿಗೆ ಹಾಲು ಕುಡಿಸಿ ಬಾ ಯವ್ವಾ, ನಿನ್ನ ಸಾಲು ನಾ ಹಿಡೀತೀನಿ" ಎನ್ನುತ್ತಾಳೆ. ಗಂಡಾಳುಗಳು ತಮ್ಮ ಕೆಲಸದಿಂದ ತಲೆಯೆತ್ತುವುದಿಲ್ಲ. ಅದೇ ತಾಯಿ ಪಟ್ಟಣಕ್ಕೆ ಬಂದು ಕಚೇರಿಯ ಸರದಿಯಲ್ಲೋ ಬ್ಯಾಂಕಿನ ಮೆಟ್ಟಿಲ ಮೇಲೋ ಮಗುವನ್ನು ಎದೆಗಪ್ಪಿದಳೆಂದರೆ, "ಇಲ್ಲಿ ಬ್ಯಾಡ, ಅತ್ತಾಗ ಹೋಗವ್ವ" ಎಂಬ ಮಾತು ಎಲ್ಲಿಂದಲೋ ತೂರಿ ಬರುತ್ತದೆ. 'ಅತ್ತಾಗ' ಎಂಬಲ್ಲಿ ಅನೇಕವೇಳೆ ಇರುವುದು ಮೂತ್ರದ ನಾತ ಬಡಿಯುವ ಗೋಡೆಯ ಮರೆ. ನಮ್ಮ ಹಳ್ಳಿಗಳು ಅರಿಯದಿದ್ದ ಈ ಲಜ್ಜೆಯನ್ನು ಅವಳ ತಲೆಗೆ ಕಟ್ಟಿದವರು ಪಟ್ಟಣದ ನಾವು.

ಹಾಲೂಡುವುದು ಅಪರಾಧವೆಂದು ನಮ್ಮ ದೇಶದ ಯಾವ ಕಾಯಿದೆಯೂ ಹೇಳಿಲ್ಲ. ಹೇಳಿಲ್ಲದಿರುವುದಷ್ಟೇ ಅಲ್ಲ, ಅದು ಹಕ್ಕೆಂದೇ ನ್ಯಾಯಪೀಠಗಳು ಸಾರಿವೆ. ಆ ಮಾತು ಹುಟ್ಟಿದ ಪ್ರಸಂಗಕ್ಕೆ ನಮ್ಮ ನೆರೆಯ ಕೊಪ್ಪಳದ ನಂಟೂ ಉಂಟು. 2020ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕಳುವಾದ ಹಸುಗೂಸು, ಕದ್ದದ್ದೆಂದರಿಯದ ಕೊಪ್ಪಳದ ದಂಪತಿಗಳ ಮಡಿಲು ಸೇರಿ, ವರ್ಷವೊಂದು ಕಳೆದ ಬಳಿಕ ಪತ್ತೆಯಾದಾಗ ಹೆತ್ತ ತಾಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಳು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು 2021ರ ಸೆಪ್ಟೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ, ಎದೆಹಾಲುಣಿಸುವುದು ತಾಯಿಯ ಪರಭಾರೆ ಮಾಡಲಾಗದ ಹಕ್ಕೆಂದೂ, ಎದೆಹಾಲುಣ್ಣುವುದು ಶಿಶುವಿನ ಹಕ್ಕೆಂದೂ, ಇವೆರಡೂ ಸಂವಿಧಾನದ 21ನೆಯ ಅನುಚ್ಛೇದದ ಆಶ್ರಯದಲ್ಲಿವೆಯೆಂದೂ ನಿರ್ಣಯಿಸಿದರು. ಕಡೆಗೆ ಸಾಕಿದವಳು ಮಗುವನ್ನು ಹೆತ್ತವಳಿಗೆ ತಾನಾಗಿ ಒಪ್ಪಿಸಿದಳು. ಬಂದು ಕಾಣಲು ಹೆತ್ತವಳು ಅವಳಿಗೆ ಸಮ್ಮತಿಯಿತ್ತಳು. ಅವರಿಬ್ಬರೂ ಬೇರೆ ಬೇರೆ ಮತದವರೆಂಬುದನ್ನು ನ್ಯಾಯಮೂರ್ತಿಗಳು ಮೆಚ್ಚಿ ನೆನೆದರು.

ಬಳಿಕ 2025ರ ಫೆಬ್ರವರಿ 19ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಹಾಗೂ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆಯವರ ಪೀಠವು (ಒಬ್ಬರು ಕನ್ನಡ ನಾಡಿನವರೇ, ಇನ್ನೊಬ್ಬರು ನಮ್ಮ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು) ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡುವ ಕೊಠಡಿಗಳಿರುವಂತೆ ರಾಜ್ಯಗಳು ಸಾಧ್ಯವಾದಮಟ್ಟಿಗೆ ನೋಡಿಕೊಳ್ಳಬೇಕೆಂದೂ, ಕಟ್ಟಲಿರುವ ಕಟ್ಟಡಗಳಲ್ಲಿ ಅದಕ್ಕೆ ಸ್ಥಳ ಮೀಸಲಿಡಬೇಕೆಂದೂ ಹೇಳಿತು. ಅದರ ಜೊತೆಗೇ, ನಾಲ್ಕು ಜನರೆದುರು ಹಾಲೂಡುವುದಕ್ಕೆ ಕಳಂಕ ಹಚ್ಚಕೂಡದೆಂದು ನಾಗರಿಕರಿಗೆ 51ಎ(ಇ) ಅನುಚ್ಛೇದದ ಕರ್ತವ್ಯವನ್ನು ನೆನಪಿಸಿತು.

ನನ್ನ ವಿಜ್ಞಾಪನೆಯ ತಿರುಳು ಈ ಎರಡನೆಯ ಮಾತಿನಲ್ಲಿದೆ. ಕೊಠಡಿ ಬೇಕು; ಅದರಲ್ಲಿ ಕೂರಲೊಂದು ಬೆಂಚು, ಒಳಗಿನಿಂದ ಹಾಕಿಕೊಳ್ಳುವ ಅಗುಳಿ, ಗಾಳಿ, ಕುಡಿಯುವ ನೀರು ಬೇಕು; ಅದರ ಬೀಗದ ಕೈ ಯಾರದೋ ಮೇಜಿನ ಖಾನೆಯಲ್ಲಿರಕೂಡದು. ಆದರೆ ಕೊಠಡಿಯ ಗೋಡೆಯೇ ಹಕ್ಕಿನ ಎಲ್ಲೆಯಾದರೆ ನಾವು ಮಾಡಿದ ಉಪಕಾರವೇ ಅವಳಿಗೆ ಕಟ್ಟುಪಾಡಾಗುತ್ತದೆ, "ಕೊಠಡಿಯಿದೆಯಲ್ಲ, ಇಲ್ಲೇಕೆ ಕುಳಿತೆ?" ಎಂದು ಕೇಳುವವನಿಗೆ ಹೊಸ ಅಧಿಕಾರ ಸಿಕ್ಕಂತಾಗುತ್ತದೆ. ಎಳೆಗೂಸು ದಿನಕ್ಕೆ 8ರಿಂದ 12 ಬಾರಿ ಹಾಲುಣ್ಣುತ್ತದೆ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಅದಕ್ಕೆ ಬೇರೆ ಆಹಾರವೂ ಸಲ್ಲದು, ನೀರೂ ಸಲ್ಲದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಕೂಸಿನೊಡನೆ ದಾರಿ ನಡೆಯುವ ತಾಯಂದಿರಿಗೆ ಲೆಕ್ಕವಿಲ್ಲ. ಮಸ್ಕಿಗೂ ಲಿಂಗಸೂಗೂರಿಗೂ ನಡುವೆ ಬಸ್ಸಿನಲ್ಲಿ ಹಸಿದ ಶಿಶುವನ್ನು ಯಾವ ಕೊಠಡಿಗೆ ಒಯ್ಯೋಣ? ನಾಚಿಕೆಗಂಜಿ ಬಾಟಲಿಯ ಮೊರೆಹೊಕ್ಕ ತಾಯಿ, ನಮ್ಮ ಬಿಸಿಲಿನಲ್ಲಿ, ಎಲ್ಲಿಯದೋ ನೀರಿನಲ್ಲಿ ಅದನ್ನು ತೊಳೆದು ಕುಡಿಸಿದರೆ ಮಗುವಿಗೆ ಬರುವುದು ಭೇದಿ. ಸ್ಕಾಟ್‌ಲೆಂಡಿನವರು 2005ರಲ್ಲಿಯೇ ಕಾಯಿದೆ ಮಾಡಿ, ಎರಡು ವರ್ಷದೊಳಗಿನ ಮಗುವಿಗೆ ಸಾರ್ವಜನಿಕ ಸ್ಥಳದಲ್ಲಿ ಹಾಲು ಕುಡಿಸುವುದನ್ನು ತಡೆದವನನ್ನು ಅಪರಾಧಿಯೆಂದರು. ನಮ್ಮಲ್ಲಿ ಅಂಥ ಕಾಯಿದೆ ಬರುವವರೆಗೆ ತಮ್ಮ ಒಂದು ಸುತ್ತೋಲೆಯಾದರೂ ಬರಲಿ.

ಮಸ್ಕಿಯ ಬಂಡೆಯ ಮೇಲೆ ಅಶೋಕನು ಕೊರೆಯಿಸಿದ ಶಾಸನ 1915ರಲ್ಲಿ ಬೆಳಕಿಗೆ ಬಂದು, 'ದೇವಾನಾಂಪ್ರಿಯ'ನೆಂಬ ಬಿರುದಿನ ಅರಸನ ಸ್ವಂತ ಹೆಸರನ್ನು ಲೋಕಕ್ಕೆ ತಿಳಿಸಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರೆಯತಕ್ಕದ್ದೆಂಬುದು ಅದರ ಸಾರ. ಅರಸನ ಮಾತು ಅರಮನೆಯ ಕಡತದಲ್ಲಿ ಉಳಿಯದೆ ಬಂಡೆಗಲ್ಲಿಗೆ ಬಂದ ಊರಿನಲ್ಲಿ, ನ್ಯಾಯಾಲಯದ ಮಾತೂ ಕಡತದಲ್ಲಿಯೇ ಉಳಿಯಬಾರದು.

ಆದುದರಿಂದ, ಮೂರೂ ತಾಲ್ಲೂಕುಗಳ ಬಸ್ ನಿಲ್ದಾಣ, ಸಂತೆಮಾಳ, ತಹಶೀಲ್ದಾರರ ಕಚೇರಿ, ಆಸ್ಪತ್ರೆಗಳಲ್ಲಿ "ತಾಯಿ ಇಲ್ಲಿ ಎಲ್ಲಿ ಬೇಕಾದರೂ ಕುಳಿತು ಮಗುವಿಗೆ ಹಾಲುಣಿಸಬಹುದು; ಯಾರೂ ಎಬ್ಬಿಸಕೂಡದು" ಎಂದು ದಪ್ಪ ಕನ್ನಡಾಕ್ಷರಗಳಲ್ಲಿ ಫಲಕ ಹಾಕಿಸಬೇಕೆಂದೂ, ಅಲ್ಲಿನ ಸಿಬ್ಬಂದಿಗೆ ಇದನ್ನು ಲಿಖಿತವಾಗಿ ತಿಳಿಸಬೇಕೆಂದೂ, ಕೊಠಡಿಯಿಲ್ಲದ ಕಡೆ ಮಾಡಿಸಿ, ಇದ್ದ ಕಡೆ ತೆರೆದಿಡಿಸಬೇಕೆಂದೂ ಪ್ರಾರ್ಥಿಸುತ್ತೇನೆ. ವಿಶ್ವ ಸ್ತನ್ಯಪಾನ ಸಪ್ತಾಹವು ಪ್ರತಿವರ್ಷ ಆಗಸ್ಟ್ 1ರಂದು ಆರಂಭವಾಗುತ್ತದೆ; ಬರುವ ಆಗಸ್ಟ್ ತಿಂಗಳಿಗೆ ಮೊದಲೇ ಈ ಆಜ್ಞೆ ಹೊರಡಲಿ.

ಇಂತು ತಮ್ಮ ವಿಶ್ವಾಸಿ,
ಲಿಂಗಸೂಗೂರಿನ ಒಬ್ಬ ನಾಗರಿಕ