ಎಳ್ಳು ಕೇಳಿದರ ಗುರೆಳ್ಳು ಕೊಟ್ಟರು

ಸಂಕ್ರಮಣಕ್ಕ ಎಳ್ಳು ಬೇಕು ಅಂತ ಅಂಗಡಿಗೆ ಹೋದಿರಿ. ಅಂಗಡ್ಯಾಂವ ಗುರೆಳ್ಳು ಕಟ್ಟಿಕೊಟ್ಟು "ಎರಡೂ ಎಳ್ಳೇ ಅಲ್ಲೇನ್ರೀ ಅಕ್ಕಾರ" ಅಂದರ ಸುಮ್ಮನ ಬಿಡ್ತೀರೇನು? ಪುಡಿಕಿ ಅವನ ಮುಂದ ಇಟ್ಟು ರೊಕ್ಕ ತಿರುಗಿ ಇಸ್ಕೊಂಡು ಬರ್ತೀರಿ. ಆದರ ನನ್ನ ತಂಗಿ ಮಗಳಿಗೆ ಕಂಪ್ಯೂಟರ್ ಕ್ಲಾಸಿನಾಂವ ಇಂಥಾದ್ದೇ ಮಾಡಿದಾಗ ನಾವೆಲ್ಲಾರೂ ಕೂಡಿ ಬೈದದ್ದು ಯಾರಿಗೆ? ಅಕಿಗೆ. ನಾನೂ ಬೈದೆ. ಅದಕ್ಕ ಇವತ್ತ ಇದನ್ನ ಬರೀಲಿಕ್ಕೆ ಕೂತೀನಿ.

ಹುಡುಗಿ ಬಿಕಾಂ ಮುಗಿಸ್ಯಾಳ. ವೆಬ್‌ಸೈಟ್ ಮಾಡೋ ಕೆಲಸಕ್ಕ ಜಾವಾಸ್ಕ್ರಿಪ್ಟ್ ಬರಬೇಕು ಅಂತ ಗೆಳತ್ಯಾರು ಹೇಳಿದ್ರು. ಕ್ಲಾಸಿನ ಬೋರ್ಡಿನ ಮ್ಯಾಲೆ 'ಜಾವಾ' ಅಂತಿತ್ತು. "ಜಾವಾಸ್ಕ್ರಿಪ್ಟ್ ಕಲಸ್ತೀರೇನ್ರಿ?" ಅಂತ ಅಕಿ ಕೇಳ್ಯಾಳ. ನೆನಪಿಡ್ರಿ, ಕೇಳ್ಯಾಳ. ಟೇಬಲ್ ಹಿಂದ ಕೂತಾಂವ "ಎರಡೂ ಒಂದೇ ಮನಿತನದ್ದು ತಗೋವಾ, ಜಾವಾ ಬಂತಂದ್ರ ಅದೂ ಬಂದ್ಹಂಗ" ಅಂದಾನ. 8 ಸಾವಿರ ರೂಪಾಯಿ, 3 ತಿಂಗಳು ಹೋದವು. ಆಮ್ಯಾಲೆ ಸಂದರ್ಶನದಾಗ, ವೆಬ್ ಪುಟದಾಗಿನ ಬಟನ್ ಒತ್ತಿದರ ಏನರೆ ಆಗೋಹಂಗ ಬರೀರಿ ಅಂದ್ರಂತ. ಇಕಿಗೆ ಒಂದು ಸಾಲೂ ಬರಲಿಲ್ಲ. "ಜಾವಾಕ್ಕೂ ಜಾವಾಸ್ಕ್ರಿಪ್ಟಿಗೂ ಫರಕ ಗೊತ್ತಿಲ್ಲೇನು?" ಅಂತ ನಕ್ಕು ಕಳಿಸ್ಯಾರ.

ನಗೋದಿದ್ದರ ಹೆಸರು ಇಟ್ಟವರನ್ನ ನೋಡಿ ನಗಬೇಕು. ಜಾವಾ ಹುಟ್ಟಿದ್ದು ಅಮೆರಿಕಾದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೊಳಗ. ಜೇಮ್ಸ್ ಗಾಸ್ಲಿಂಗ್ ಮತ್ತ ಅವರ ಜೋಡಿದಾರರು 1991ರಾಗ ಶುರು ಮಾಡಿದ್ದು. ಮೊದಲ ಅದರ ಹೆಸರು ಓಕ್. ಅದು ಬ್ಯಾರೆ ಕಂಪನಿಯ ಹೆಸರಿತ್ತು ಅಂತ ಬಿಟ್ಟು, ಕಾಫಿಯ ಜಾವಾ ಹೆಸರು ಇಟ್ಟರು. 1995ರಾಗ ಹೊರಗ ಬಂದು ಭಾರೀ ಗದ್ದಲಾ ಎಬ್ಬಿಸಿತು. ಅದೇ ವರ್ಷ ನೆಟ್‌ಸ್ಕೇಪ್ ಅನ್ನೋ ಕಂಪನಿಯೊಳಗ ಬ್ರೆಂಡನ್ ಐಕ್ ಅನ್ನೋರು 10 ದಿನದಾಗ ಬ್ಯಾರೆ ಭಾಷಾದ ಮೊದಲ ರೂಪ ಮಾಡಿಕೊಟ್ಟರು. ಅದಕ್ಕ ಮೊದಲ ಮೋಕಾ ಅಂದ್ರು, ಆಮ್ಯಾಲೆ ಲೈವ್‌ಸ್ಕ್ರಿಪ್ಟ್ ಅಂದ್ರು, ಡಿಸೆಂಬರದಾಗ ಎರಡೂ ಕಂಪನಿ ಕೂಡಿ ಜಾವಾಸ್ಕ್ರಿಪ್ಟ್ ಅಂತ ಸಾರಿದ್ರು. ಒಂದೇ ವರ್ಷದಾಗ ಮೂರು ಹೆಸರು! ಯಾಕಂದ್ರ ಜಾವಾ ಅನ್ನೋ ಹೆಸರು ಆಗ ಬಜಾರದಾಗ ಓಡತಿತ್ತು.

"ಬರದದ್ದು ನೋಡಿದರ ಒಂದೇ ಥರಾ ಕಾಣ್ತಾವಲ್ಲ" ಅಂತಾರ. ಹೌದು, ಜಾವಾದ್ಹಂಗ ಕಾಣಬೇಕು ಅಂತ ನೆಟ್‌ಸ್ಕೇಪಿನ ಹಿರೇರು ಹೇಳಿಯೇ ಮಾಡಿಸಿದ್ರು. ಸ್ವಭಾವ ಮಾತ್ರ ಬ್ಯಾರೆ. ಜಾವಾ ಕಟ್ಟುನಿಟ್ಟಿನ ಅತ್ತಿ ಇದ್ದಂಗ. ಯಾವ ಡಬ್ಬಿಯೊಳಗ ಸಂಖ್ಯೆ, ಯಾವುದರಾಗ ಅಕ್ಷರ ಅಂತ ಮೊದಲೇ ಹೇಳಬೇಕು. ಅಕ್ಷರ ಅಂತ ಬರದ 5ರಾಗ 2 ಕಳೀರಿ ಅಂದರ, ಕೆಲಸ ಶುರುವಾಗೋ ಮೊದಲೇ ತಪ್ಪು ಅಂತ ತಿರುಗಿ ಕಳಸ್ತದ. ಜಾವಾಸ್ಕ್ರಿಪ್ಟ್ ತಾನೇ ಅದನ್ನ ಸಂಖ್ಯೆ ಮಾಡ್ಕೊಂಡು 3 ಅಂತ ಕೊಟ್ಟುಬಿಡ್ತದ. ಜಾವಾ ಬಳಸೋದು ಬ್ಯಾಂಕಿನಂಥಾ ದೊಡ್ಡ ವ್ಯವಹಾರದಾಗ ಹೆಚ್ಚು. ನೀವು ಫೋನಿನಾಗ ಸೀರಿ ಫೋಟೋ ಮ್ಯಾಲೆ ಬೆರಳಿಟ್ಟರ ಆ ಪುಟದಾಗ ಫೋಟೋ ದೊಡ್ಡದಾಗ್ತದಲ್ಲ, ಅಂಥಾದ್ದೆಲ್ಲ ಜಾವಾಸ್ಕ್ರಿಪ್ಟಿನ ಕೆಲಸ.

ಹಂಗಂತ ಹೆಸರು ಕೂಡಿದ್ದೆಲ್ಲಾ ಸುಳ್ಳಲ್ಲ. ಸೀ ಭಾಷಾದಿಂದನೇ ಸೀ ಪ್ಲಸ್ ಪ್ಲಸ್ ಬೆಳದದ್ದು, ಅವು ಖರೇನೇ ತಾಯಿ-ಮಗಳು. ಯಾವುದು ಬಳಗ, ಯಾವುದು ಬರೀ ಹೆಸರು ಅಂತ ಹೊಸದಾಗಿ ಕಲಿಯೋ ಹುಡುಗಿಗೆ ಹೆಂಗ ತಿಳೀಬೇಕು? ತಿಳಿಸಿ ಹೇಳೋದು ಫೀ ತಗೊಂಡವರ ಕೆಲಸ.

ಇನ್ನ ನಮ್ಮ ಮನಿ ಮಾತು. ಇಕಿ ಅಣ್ಣ ಎರಡು ಕೋರ್ಸ್ ಅರ್ಧಕ್ಕ ಬಿಟ್ಟಾಗ "ಹೋಗ್ಲಿ ಬಿಡು, ಮತ್ತೊಂದು ನೋಡು" ಅಂದ್ವಿ. ಇಕಿಗೆ ಒಂದೇ ಸಲಕ್ಕ "ರೊಕ್ಕ ನೀರಾಗ ಹೋತು, ಇನ್ನ ವರಾ ನೋಡೂಣು" ಅಂದ್ವಿ. ಕೇಳಿದ ಹುಡುಗಿ ತಪ್ಪಿತಸ್ಥಳು, ಸುಳ್ಳು ಹೇಳಿದಾಂವ ಶಾಣ್ಯಾ. ಇದ್ಯಾವ ನ್ಯಾಯ?

ನಿಮ್ಮ ಮನ್ಯಾಗ ಯಾರರೆ ಕ್ಲಾಸಿಗೆ ಸೇರೋರಿದ್ದರ, ಕೆಲಸದ ಜಾಹೀರಾತು ಕೈಯಾಗ ಹಿಡಕೊಂಡು ಹೋಗ್ರಿ. ಇದರಾಗ ಬರದದ್ದನ್ನೇ ಕಲಸ್ತೀರೇನು ಅಂತ ಕೇಳ್ರಿ, ಭಾಷಾದ ಪೂರ್ತಿ ಹೆಸರು ರಸೀದಿ ಮ್ಯಾಲೆ ಬರಸ್ಕೋರಿ. ನಕ್ಕರ ನಗಲಿ.

ನಮ್ಮ ಹುಡುಗಿ ಈಗ ಹಳೇ ಲ್ಯಾಪ್‌ಟಾಪಿನ ಮ್ಯಾಲೆ ಮನ್ಯಾಗೇ ಜಾವಾಸ್ಕ್ರಿಪ್ಟ್ ಕಲೀಲಿಕ್ಕತ್ಯಾಳ. ನಿನ್ನೆ "ದೊಡ್ಡವ್ವಾ, ಇಲ್ಲೆ ಒತ್ತು" ಅಂದ್ಲು. ಒತ್ತಿದೆ, ನನ್ನ ಗುರೆಳ್ಳು ಚಟ್ನಿ ಮಾಡೋ ಕ್ರಮ ತೆರಕೊಂಡ್ತು. ವರಾ ನೋಡೋದು ಒಂದು ವರ್ಷ ತಡೀರಿ ಅಂತ ಅವರಪ್ಪಗ ನಾನು ಹೇಳೀನಿ. ಭೆಟ್ಟಿಯಾದಾಗ ನೀವೂ ಒಂದು ಮಾತು ಹೇಳ್ರಿ.