ಸೋರುವ ಟೆರೇಸ್: ಮೇಲಿನ ಮಹಡಿಯವರ ಸಮಸ್ಯೆ ಮಾತ್ರವೇ?

ಮುಂಬಯಿ: ಮಳೆಗಾಲ ಬಂತೆಂದರೆ ಡೊಂಬಿವಲಿಯಿಂದ ಭಾಯಂದರ್‌ವರೆಗಿನ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಒಂದೇ ದೃಶ್ಯ. ಟೆರೇಸಿನ ಮೇಲೆ ನೀಲಿ ತಾಡಪತ್ರಿ, ಮೇಲಿನ ಮಹಡಿಯ ಮನೆಯಲ್ಲಿ ಬಕೆಟ್, ಸೊಸೈಟಿ ಕಚೇರಿಯಲ್ಲಿ ದೂರಿನ ಪತ್ರ. ಸೋರುವುದು ನಿಮ್ಮ ಮನೆ, ಖರ್ಚೂ ನಿಮ್ಮದೇ ಎಂಬುದು ಕೆಳಗಿನವರ ವಾದ. ಟೆರೇಸ್ ಎಲ್ಲರದ್ದಲ್ಲವೇ ಎಂಬುದು ಮೇಲಿನವರ ಪ್ರಶ್ನೆ. ನಮ್ಮ ತುಳು-ಕನ್ನಡಿಗರಲ್ಲಿ ಅನೇಕರು ಇಂತಹ ಸೊಸೈಟಿಗಳ ಕಾರ್ಯದರ್ಶಿ, ಕೋಶಾಧಿಕಾರಿಗಳಾಗಿ ಸೇವೆ ಸಲ್ಲಿಸುತ್ತಿರುವುದರಿಂದ ಈ ವಿವಾದದ ಹಿನ್ನೆಲೆಯನ್ನು ತಿಳಿದುಕೊಳ್ಳುವುದು ಅಗತ್ಯ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದು ಮುಂಬಯಿಗರಿಗೆ ನೆನಪಿದೆ. ಆದರೆ ಛಾವಣಿ ಸೋರಲು ಅಂತಹ ಮಳೆಯೇ ಬರಬೇಕೆಂದಿಲ್ಲ. ಟೆರೇಸಿನಲ್ಲಿ ನೀರು ನಿಂತರೆ ಸಾಕು. ಎಲೆ, ಪ್ಲಾಸ್ಟಿಕ್ ಕಸ ಸೇರಿ ಮಳೆನೀರಿನ ಪೈಪಿನ ಬಾಯಿ ಮುಚ್ಚುವುದು, ಇಟ್ಟಿಗೆ ಚೂರಿನ ಕೋಬಾ ಬಿಸಿಲಿಗೆ ಬಿರುಕು ಬಿಡುವುದು, ಪ್ಯಾರಾಪೆಟ್ ಗೋಡೆ ಮತ್ತು ನೆಲ ಕೂಡುವ ಮೂಲೆಯ ಗಾರೆ ಒಡೆಯುವುದು, ಡಿಶ್ ಆಂಟೆನಾ ಅಥವಾ ಸೋಲಾರ್ ಹೀಟರಿಗಾಗಿ ಬೋಲ್ಟು ಕೊರೆಯುವುದು, ಬಿರುಕಿನಲ್ಲಿ ಅಶ್ವತ್ಥದ ಗಿಡ ಬೇರು ಬಿಡುವುದು ಇವೇ ಸಾಮಾನ್ಯ ಕಾರಣಗಳು. ಮಳೆ ನಿಂತ ಮೇಲೂ ಸೋರಿಕೆ ಮುಂದುವರಿದರೆ ಮೇಲಿನ ನೀರಿನ ಟ್ಯಾಂಕನ್ನೂ ಪರೀಕ್ಷಿಸಬೇಕಾಗುತ್ತದೆ.

ನೀರು ಬಿರುಕಿನ ನೇರ ಕೆಳಗೆ ತೊಟ್ಟಿಕ್ಕುತ್ತದೆ ಎನ್ನುವಂತಿಲ್ಲ. ಅದು ಸ್ಲ್ಯಾಬಿನೊಳಗೆ ದೂರ ಹರಿದು ಇನ್ನೆಲ್ಲೋ ಹೊರಬರುತ್ತದೆ. ಆದ್ದರಿಂದಲೇ ಕಂಡಲ್ಲಿ ಸಿಮೆಂಟ್ ಮೆತ್ತುವ ತೇಪೆ ಕೆಲಸ ಮುಂದಿನ ಮಳೆಗೆ ಸೋಲುತ್ತದೆ. ಹಳೆಯ ಕೋಬಾದ ಮೇಲೆ ಹೊಸ ಕೋಬಾ ಹಾಕುತ್ತ ಹೋದರೆ ಕಟ್ಟಡಕ್ಕೆ ಭಾರವೂ ಹೆಚ್ಚುತ್ತದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಆಗ ಅದು ಒಂದು ಮನೆಯ ಸೋರಿಕೆಯಾಗಿ ಉಳಿಯದೆ ಇಡೀ ಕಟ್ಟಡದ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ಇನ್ನು ಖರ್ಚಿನ ವಿಷಯ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ 2014ರ ಮಾದರಿ ಉಪವಿಧಿಗಳಲ್ಲಿ ಇದು ಸ್ಪಷ್ಟವಾಗಿದೆ. ಟೆರೇಸ್, ಪ್ಯಾರಾಪೆಟ್, ಹೊರಗೋಡೆಗಳ ದುರಸ್ತಿ ಹಾಗೂ ಮಳೆನೀರಿನ ಸೋರಿಕೆ ಸೊಸೈಟಿಯ ಹೊಣೆ. ಶೌಚಾಲಯ, ಸಿಂಕ್ ಮುಂತಾದ ಒಳಗಿನ ಸೋರಿಕೆಯ ಖರ್ಚು ಆಯಾ ಫ್ಲ್ಯಾಟಿನವರದ್ದು. 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದವುಗಳಿಗೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದೂ ಅವು ಹೇಳುತ್ತವೆ.

ಹಣ ಎಲ್ಲಿಂದ ಎಂಬುದಕ್ಕೂ ಅಲ್ಲೇ ಉತ್ತರವಿದೆ. ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75 ದುರಸ್ತಿ ನಿಧಿಗೆ, ಶೇ. 0.25 ಸಿಂಕಿಂಗ್ ಫಂಡಿಗೆ ಸೇರಬೇಕು. ಉದಾಹರಣೆಗೆ, ತಲಾ 5 ಲಕ್ಷ ರೂ. ನಿರ್ಮಾಣ ವೆಚ್ಚದ 24 ಫ್ಲ್ಯಾಟುಗಳಿದ್ದರೆ ದುರಸ್ತಿ ನಿಧಿಗೆ ವರ್ಷಕ್ಕೆ 90,000 ರೂ., ಐದು ವರ್ಷಕ್ಕೆ ಬಡ್ಡಿ ಬಿಟ್ಟು 4.5 ಲಕ್ಷ ರೂ. ಕೂಡುತ್ತದೆ. ಮೈಂಟೆನೆನ್ಸ್ ಕಡಿಮೆ ಇರಲಿ ಎಂದು ಈ ನಿಧಿಯನ್ನು ವಸೂಲು ಮಾಡದ ಸೊಸೈಟಿಗಳಲ್ಲೇ ಮುಂದೆ ಒಮ್ಮೆಲೇ ದೊಡ್ಡ ಮೊತ್ತ ಕೇಳುವ ಪ್ರಸಂಗ ಬರುತ್ತದೆ. ನಿವೃತ್ತರಿಗೆ ಅದು ತೀರಾ ಕಷ್ಟ.

ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಗೋಡೆಯ ತೇವ ಇನ್ನೂ ಆರಿರದ ಸಮಯವದು. ಆಗಲೇ ನಿರ್ಣಯ ಕೈಗೊಂಡು, ಇಂಜಿನಿಯರರ ವರದಿ ಪಡೆದು, ಕನಿಷ್ಠ ಮೂರು ಕೊಟೇಶನ್ ತರಿಸಿದರೆ ಬೇಸಿಗೆಯಲ್ಲಿ ಕೆಲಸ ಮುಗಿಯುತ್ತದೆ. ಕೊನೆಗೆ ಟೆರೇಸಿನಲ್ಲಿ ಒಂದೆರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಿದ ನಂತರವೇ ಗುತ್ತಿಗೆದಾರರಿಗೆ ಪೂರ್ಣ ಹಣ ಕೊಡುವುದು ಒಳಿತು. ಮೇ ತಿಂಗಳ ಕೊನೆಗೆ ಓಡಾಡಿದರೆ ತಾಡಪತ್ರಿಯೇ ಗತಿ.

ಊರಿನಲ್ಲಿ ಹಿರಿಯರು ಪತ್ತನಾಜೆಗೆ ಮೊದಲೇ ಮಾಡು ಹತ್ತಿ, ಒಡೆದ ಹಂಚು ಬದಲಿಸಿ, ಕಸ ಗುಡಿಸುತ್ತಿದ್ದರು. ಅಲ್ಲಿ ಮಾಡು ಒಂದು ಕುಟುಂಬದ್ದು, ಇಲ್ಲಿ ಇಪ್ಪತ್ತನಾಲ್ಕು ಕುಟುಂಬಗಳದ್ದು. ಈ ಸಲದ ಮಹಾಸಭೆಯಲ್ಲಿ ಕೆಳಗಿನ ಮಹಡಿಯ ಸದಸ್ಯರೇ ಮೊದಲು ಈ ವಿಷಯ ಎತ್ತಿದರೆ ಅರ್ಧ ಜಗಳ ಅಲ್ಲೇ ಮುಗಿದೀತು.